ಅಬೆನಾಳಿಗೆ ಕೊಟ್ಟ ಮಾತು

ದುಬೈಯಲ್ಲಿ ಜುವಾಕಿಂ ಸಿದ್ದಿಯನ್ನು ಕಂಡವರು ಮೊದಲು ಕೇಳುವುದು, "ನೈಜೀರಿಯಾನಾ, ಕೀನ್ಯಾನಾ?" ಯಲ್ಲಾಪುರ ಎಂದರೆ ಅದು ಆಫ್ರಿಕಾದಲ್ಲಿ ಎಲ್ಲಿ ಬರುತ್ತದೆ ಅನ್ನುತ್ತಾರೆ. ಆಫ್ರಿಕಾ ಮೂಲದ ಸಿದ್ದಿಗಳೂ ತಲೆತಲಾಂತರದಿಂದ ಕನ್ನಡನಾಡಿನವರೇ ಎಂದು ವಿವರಿಸಿ ವಿವರಿಸಿ ಅವನಿಗೆ ಸಾಕಾಗಿತ್ತು.

ಜುಮೇರಾ ಲೇಕ್ ಟವರ್ಸ್‌ನ ಕಟ್ಟಡವೊಂದರಲ್ಲಿ ಅವನು ಎ.ಸಿ. ಮೆಕ್ಯಾನಿಕ್. ಅಲ್ಲೇ ಕ್ಲೀನಿಂಗ್ ಕೆಲಸಕ್ಕಿದ್ದ ಘಾನಾದ ಅಬೆನಾ, ತನ್ನೂರವನೇ ಅಂದುಕೊಂಡು ಒಂದು ದಿನ ತನ್ನ ಭಾಷೆಯಲ್ಲಿ ಬಾಯ್ತುಂಬ ಮಾತಾಡಿಸಿದಳು. "ಎಂತ ಹೇಳ್ತೀ ಮಾರಾಯ್ತಿ?" ಎಂದ ಇವನು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಅವಳು ಇಂಗ್ಲಿಷಿನಲ್ಲಿ ಎಲ್ಲರೂ ಕೇಳುವುದನ್ನೇ ಕೇಳಿದಳು: ಯಾವ ಚರ್ಚು? ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಾಗ ಪಾದ್ರಿ "ದೇವರ ಚಿತ್ತ" ಅಂದ ದಿನವೇ ಜುವಾಕಿಂನ ನಂಬಿಕೆಯೂ ಹೋಗಿತ್ತು. ಯಾರಿಗೂ ಹೇಳಿರಲಿಲ್ಲ. ಆ ಕ್ಷಣಕ್ಕೆ ಏನನ್ನಿಸಿತೋ, "ಯಾವುದೂ ಇಲ್ಲ" ಎಂದುಬಿಟ್ಟ. ಅಬೆನಾ ಸುತ್ತಮುತ್ತ ನೋಡಿ ಮೆಲ್ಲಗೆ, "ನನಗೂ ಇಲ್ಲ" ಎಂದಳು.

"ನಮ್ಮ ಜನ ಹಾಗಿರೋದಿಲ್ಲ." ದೇವರನ್ನು ನಂಬದವರ ಬಗ್ಗೆ ಅವಳೂ ಇವನೂ ಊರಲ್ಲಿ ಕೇಳಿ ಬೆಳೆದದ್ದು ಇದೊಂದೇ ಮಾತು. ಹಾಗಾಗಿ ಉಳಿದವರು ಪ್ರಾರ್ಥನೆಗೆ ಹೋಗುವ ಭಾನುವಾರ ಇವರಿಬ್ಬರು ಬರ್ ದುಬೈಯ ದೋಣಿಕಟ್ಟೆಯಲ್ಲಿ ಚಹಾ ಕುಡಿಯುತ್ತ ಕೂರುತ್ತಿದ್ದರು. ಇಬ್ಬರದೇ ಸಂಘ. ಅದಕ್ಕೆ ಅಬೆನಾ ಇಟ್ಟ ಹೆಸರು 'ಖಲ್ಲಿ ವಲ್ಲಿ', ಹೋಗಲಿ ಬಿಡು ಅನ್ನಲು ಇಲ್ಲಿ ಎಲ್ಲರ ಬಾಯಲ್ಲೂ ಬರುವ ಅರಬ್ಬಿ ಮಾತು. ಅಲ್ಲೇ ಅವಳು ಮಾತು ತೆಗೆದುಕೊಂಡಳು: "ನಾನು ಸತ್ತರೆ ನೀನು ಪ್ರಾರ್ಥನೆ ಮಾಡಬೇಡ. ನಾನು ಹೇಗಿದ್ದೆ ಅಂತ ಹೇಳು, ಸಾಕು."

ಐದು ವರ್ಷದ ಮೇಲೆ, ನಲವತ್ತೊಂದಕ್ಕೇ, ಕೆಲಸದಲ್ಲಿದ್ದಾಗಲೇ ಕುಸಿದು ಸತ್ತಳು.

ಶವಪೆಟ್ಟಿಗೆ ವಿಮಾನಕ್ಕೆ ಹೋಗುವ ಬೆಳಿಗ್ಗೆ ಶವಾಗಾರದಲ್ಲಿ ಅವಳೂರಿನ ಹೆಂಗಸರು ಸುತ್ತ ನಿಂತಿದ್ದರು. ಕಾಗದಪತ್ರ ಟೈಪು ಮಾಡಿಕೊಟ್ಟ ಉಳ್ಳಾಲದ ಅಬೂಬಕ್ಕರ್ ಬಾಗಿಲ ಹತ್ತಿರವಿದ್ದ. ಫೋನಿನ ಪರದೆಯಲ್ಲಿ ಘಾನಾದಿಂದ ಅಬೆನಾಳ ತಾಯಿ. ಮುದುಕಿ ಜುವಾಕಿಂನನ್ನು ನೋಡಿ ಇಂಗ್ಲಿಷಿನಲ್ಲಿ ಅಂದಳು, "ನೀನೇ ಅವಳ ಅಣ್ಣ ಇದ್ದ ಹಾಗೆ. ನೀನೇ ಪ್ರಾರ್ಥಿಸಪ್ಪ."

ಒಲ್ಲೆ ಅಂದರೆ ಆ ತಾಯಿಯ ಎದೆ ಒಡೆಯುತ್ತದೆ. ಅಬೆನಾಳ ಗುಟ್ಟೂ ಬಯಲಾಗುತ್ತದೆ. ಹೂಂ ಅಂದರೆ ಕೊಟ್ಟ ಮಾತು ಮುರಿಯುತ್ತದೆ. ಜುವಾಕಿಂ ಕಣ್ಣು ಮುಚ್ಚಿ, ಕೈ ಜೋಡಿಸಿ, ಪಾದ್ರಿಯ ರಾಗದಲ್ಲಿ, ಆ ಹೆಂಗಸರಿಗೆ ತಿಳಿಯದ ಕನ್ನಡದಲ್ಲಿ ಶುರುಮಾಡಿದ.

"ಅಬೆನಾ, ನೀ ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕ್ತಿದ್ದೆ. ನಂಗೆ ಜ್ವರ ಬಂದಾಗ ನಾಲ್ಕು ದಿನ ಗಂಜಿ ತಂದೆ. ಹೊಸಬರಿಗೆ ನಿನ್ನ ಕೈಗವಸು ಕೊಟ್ಟು ಬರಿಗೈಲಿ ಪಾಯಿಖಾನೆ ತೊಳದೆ. ಹೆದರಿಕೆಗೆ ಯಾವ ದೇವರನ್ನೂ ನಂಬ್ಲಿಲ್ಲ. ಇನ್ನು ನೀ ಎಲ್ಲೂ ಸಿಗೂದಿಲ್ಲ, ಅದು ನಂಗೆ ಗೊತ್ತು."

"ಆಮೆನ್" ಎಂದರು ಎಲ್ಲರೂ. ತಾಯಿ ಕಣ್ಣೊರೆಸಿಕೊಂಡು, ಎಷ್ಟು ಚಂದದ ಪ್ರಾರ್ಥನೆ ಎಂದಳು.

ಹೊರಗೆ ಬಂದಾಗ ಅಬೂಬಕ್ಕರ್ ಹತ್ತಿರ ಬಂದ. ಅವನಿಗೂ ಕನ್ನಡ ಬರುತ್ತದೆಂಬುದನ್ನು ಜುವಾಕಿಂ ಮರೆತೇಬಿಟ್ಟಿದ್ದ.

"ಅದು ಪ್ರಾರ್ಥನೆ ಅಲ್ಲ, ಅಲ್ವಾ ಮಾರಾಯಾ?"

"ಯಾರಿಗೂ ಹೇಳ್ಬೇಡ."

"ಖಲ್ಲಿ ವಲ್ಲಿ" ಎಂದು ಅಬೂಬಕ್ಕರ್ ಬೆನ್ನು ತಟ್ಟಿದ.

ಅಲ್ಲಿಯವರೆಗೆ ಅಳದಿದ್ದ ಜುವಾಕಿಂ ಆ ಮಾತಿಗೆ ಫುಟ್‌ಪಾತಿನ ಮೇಲೆ ಕುಕ್ಕರಿಸಿ ಅತ್ತ. ಅತ್ತು ಮುಗಿದ ಮೇಲೆ ಕೇಳಿದ, "ನಾ ಹೋದಾಗ ನಂಗೆ ಹೀಗೆ ಹೇಳೂರು ಯಾರು?"

ಅಬೂಬಕ್ಕರ್ ಸುಳ್ಳು ಹೇಳುವ ಮನುಷ್ಯನಲ್ಲ. "ನಂಗೆ ಅಲ್ಲಾಹನಿಗೆ ದುವಾ ಮಾಡ್ಲಿಕ್ಕೆ ಮಾತ್ರ ಬರುದು ಮಾರಾಯಾ" ಎಂದು ಪಕ್ಕದಲ್ಲೇ ಕೂತ.