ಮೆಟ್ಟಿಲಿನಿಂದ ಏಳನೆಯ ಗಿಡ

ಬೆಳಗಿನ ಐದೂಕಾಲು. ಕಣ್ಣಾಸ್ಪತ್ರೆಯ ಮೊದಲ ಮಹಡಿಯ ಉದ್ದನೆಯ ಕಾರಿಡಾರಿನಲ್ಲಿ ಇನ್ನೂ ದೀಪ ಹಾಕಿಲ್ಲ. ಪುಟ್ಟ ಟಾರ್ಚೊಂದನ್ನು ಬಾಯಲ್ಲಿ ಕಚ್ಚಿಕೊಂಡ ಹೆಂಗಸೊಬ್ಬರು ಒಂದು ಕುಂಡದ ಮುಂದಿನಿಂದ ಇನ್ನೊಂದರ ಮುಂದಕ್ಕೆ ಮಂಡಿಯೂರಿ ಸರಿಯುತ್ತಿದ್ದಾರೆ. ಪ್ರತಿ ಕುಂಡದಲ್ಲೂ ಮೊಣಕಾಲಿಗಿಂತ ತುಸು ಎತ್ತರದ ಒಂದು ಬೋಳು ಕೋಲು. ಅದರ ತುದಿಯ ಕೆಳಗೆ ಹೆಬ್ಬೆರಳು ಆಡಿಸುತ್ತಾರೆ. ಚಿಗುರು ಕೈಗೆ ಸಿಕ್ಕಿದರೆ ತಲೆಯಾಡಿಸಿ ಮುಂದಕ್ಕೆ. ಕಾರಿಡಾರಿನಲ್ಲಿ ಹತ್ತೊಂಬತ್ತು ಬಾಗಿಲುಗಳಿವೆ, ಬಾಗಿಲಿಗೊಂದರಂತೆ ಹತ್ತೊಂಬತ್ತು ಕುಂಡಗಳು. ಹದಿನೆಂಟು ಕುಂಡಗಳ ಮುಂದೆ ಅವರ ತಲೆ ಆಡುತ್ತದೆ. ಏಳನೆಯದರ ಮುಂದೆ ಆಡುವುದಿಲ್ಲ.

ಟಾರ್ಚನ್ನು ಕೈಗೆ ತೆಗೆದುಕೊಂಡು ಆ ಕೋಲಿನ ಬುಡವನ್ನು ಮೆಲ್ಲಗೆ ಒತ್ತುತ್ತಾರೆ. ಸಿಪ್ಪೆ ಜಾರಿ ಬೆರಳಿಗೆ ಅಂಟುತ್ತದೆ. "ಹೋಯ್ತು," ಎನ್ನುತ್ತಾರೆ ತಮಗೇ ಹೇಳಿಕೊಂಡಂತೆ. "ಮೂರು ದಿನದಿಂದ ಗೊತ್ತಿತ್ತು. ಆದ್ರೂ ಸುಮ್ನೆ ಒಂದು ಆಸೆ."

ಆಸ್ಪತ್ರೆಯಲ್ಲಿ ಎಲ್ಲರೂ ಇವರನ್ನು ಕರೆಯುವುದು 'ಗಿಡದಕ್ಕ' ಎಂದು. ಸಂಬಳದ ಪಟ್ಟಿಯಲ್ಲಿ ಸ್ವಚ್ಛತಾ ಸಿಬ್ಬಂದಿ. ವಯಸ್ಸು ಐವತ್ತೈದು, ಇಲ್ಲಿ ಸೇರಿ ಹನ್ನೊಂದು ವರ್ಷ. ನೆಲ ಒರೆಸುವುದಕ್ಕೆ ಬಂದವರ ಕೈಗೆ ಗಿಡಗಳು ಬಂದದ್ದು ಮಾಲಿ ಕೆಲಸ ಬಿಟ್ಟ ವಾರ. "ಎರಡು ದಿನ ನೀರು ಹಾಕಮ್ಮ, ಹೊಸಬರು ಬರ್ತಾರೆ ಅಂದ್ರು. ಆ ಹೊಸಬರು ಇನ್ನೂ ದಾರೀಲಿದ್ದಾರೆ," ಎಂದು ನಗುತ್ತಾರೆ.

ಗಿಡಗಳು ಡ್ರಸೀನಾ ಜಾತಿಯವು. ಜೋಳದ ಎಲೆಯನ್ನು ಹೋಲುವ ಉದ್ದುದ್ದ ಎಲೆ, ಬೆತ್ತದಂಥ ಕಾಂಡ, ಕಾಂಡದ ತುಂಬ ಉದುರಿದ ಎಲೆಗಳ ಉಂಗುರದ ಗುರುತು. ಬಿಸಿಲು ಕಡಿಮೆಯಿದ್ದರೂ ಬದುಕುತ್ತವೆ ಎಂಬ ಕಾರಣಕ್ಕೆ ಕಚೇರಿ, ಆಸ್ಪತ್ರೆಗಳಲ್ಲಿ ಇವೇ ಹೆಚ್ಚು. ಕತ್ತರಿಸದೆ ಬಿಟ್ಟರೆ ಎಲೆಯೆಲ್ಲ ನೆತ್ತಿಗೇರಿ, ಕೆಳಗೆ ಉದ್ದನೆಯ ಬರಿಗಾಲು ಉಳಿಯುತ್ತದೆ. ಇಲ್ಲೂ ಅದೇ ಆಯಿತು. ಹತ್ತೊಂಬತ್ತೂ ಸೂರು ಮುಟ್ಟಿ, ಕತ್ತು ಬಗ್ಗಿಸಿಕೊಂಡು, ಕಿಟಕಿಯ ಸರಳಿಗೆ ಕಟ್ಟಿದ ಹಗ್ಗದ ದಯೆಯಿಂದ ನಿಂತಿದ್ದವು. ಕಳೆದ ವರ್ಷ ಒಂದು ಕುಂಡ ಉರುಳಿ ತೂಕದ ಯಂತ್ರ ಒಡೆಯಿತು. ಆಸ್ಪತ್ರೆಯ ಮ್ಯಾನೇಜರು ತಾಳ್ಮೆಯ ಮನುಷ್ಯ. ಆದರೂ ಎರಡನೇ ಕುಂಡ ವಾಲಿದ ದಿನ ಅಪ್ಪಣೆ ಹೊರಡಿಸಿದರು: ಎಲ್ಲ ತೆಗೆಸಿ, ಆ ಜಾಗಕ್ಕೆ ಕುರ್ಚಿ ಹಾಕಿಸಿ.

ಗಿಡದಕ್ಕ ಮ್ಯಾನೇಜರ ಕೋಣೆಯ ಬಾಗಿಲಲ್ಲಿ ಅರ್ಧ ಗಂಟೆ ನಿಂತರು. "ಕಡಿದ್ರೆ ಚಿಗುರುತ್ತೆ ಸಾರ್, ಕುಳ್ಳಗೆ ದಟ್ಟಗೆ ಆಗುತ್ತೆ. ಆರು ವಾರ ಕೊಡಿ."

"ಆರು ವಾರ ಆದ್ಮೇಲೆ ಒಂದು ಕೋಲು ಬೋಳಾಗಿ ನಿಂತಿದ್ರೂ ಹತ್ತೊಂಬತ್ತನ್ನೂ ಎತ್ತಿಸ್ತೀನಿ. ಆಗಬಹುದಾ?"

"ಆಗ್ಲಿ ಸಾರ್."

ಆ ಆರು ವಾರ ಇಂದು, ಶುಕ್ರವಾರಕ್ಕೆ ಮುಗಿಯುತ್ತದೆ. ಮ್ಯಾನೇಜರು ಒಂಬತ್ತಕ್ಕೆ ಬರುತ್ತಾರೆ.

ಕಡಿಯುವ ಕೆಲಸ ನೋಡಲು ಸುಲಭ, ಮಾಡಲು ಅಷ್ಟಿಲ್ಲ. ಕಾಂಡ ಹೆಬ್ಬೆರಳಿನ ದಪ್ಪವಿದ್ದರೆ ಕತ್ತರಿ ಸಾಕು, ಮುಂಗೈ ದಪ್ಪವಿದ್ದರೆ ಸಣ್ಣ ಗರಗಸ. ನೆತ್ತಿಯ ಎಲೆಗೊಂಚಲನ್ನು ಮೊಳದುದ್ದದ ಕಾಂಡದೊಂದಿಗೆ ಕತ್ತರಿಸಿ ನೀರಿನ ಬಾಟಲಿಗಿಡುತ್ತಾರೆ. ಅದು ಅಲ್ಲೇ ಬೇರು ಬಿಡುತ್ತದೆ. ನಡುವಿನ ಬೋಳು ಕಾಂಡವನ್ನು ಗೇಣುದ್ದದ ತುಂಡು ಮಾಡಿ ಮರಳಿನಲ್ಲಿ ನೆಡುತ್ತಾರೆ. ಪ್ರತಿ ತುಂಡೂ ಒಂದು ಹೊಸ ಗಿಡ. ಕುಂಡದಲ್ಲಿ ಉಳಿದ ಮೋಟಿನ ಗಾಯಕ್ಕೆ ಮೇಣದಬತ್ತಿಯ ನಾಲ್ಕು ಹನಿ.

ತುಂಡುಗಳಿಗೆ ಬುಡ ಯಾವುದು, ತುದಿ ಯಾವುದು ಎಂಬುದು ತಿಳಿದಿರಬೇಕು. ತಲೆಕೆಳಗಾಗಿ ನೆಟ್ಟರೆ ಬೇರು ಬಾರದು. ಮೊದಲ ವರ್ಷ ಆಸ್ಪತ್ರೆಯಂಗಳದ ಇದೇ ಜಾತಿಯ ಗಿಡಗಳ ಹದಿನಾಲ್ಕು ತುಂಡುಗಳನ್ನು ಹಾಗೆ ನೆಟ್ಟು ಎರಡು ತಿಂಗಳು ನೀರು ಹೊಯ್ದವರು ಇವರೇ. ಈಗ ಕತ್ತರಿಸಿದ ತಕ್ಷಣ ತುದಿಗೆ ಕೆಂಪು ನೇಲ್ ಪಾಲಿಷ್ ಹಚ್ಚುತ್ತಾರೆ. "ನಾನು ಉಗುರಿಗೆ ಹಚ್ಚಿದ್ದು ಮದುವೇಲಿ ಒಂದ್ಸಲ. ಕೋಲಿಗೆ ವರ್ಷಕ್ಕೆ ಮೂರು ಸೀಸೆ ಬೇಕು."

ಆರು ವಾರದ ಹಿಂದೆ ಬುಧವಾರ, ಗುರುವಾರ ಎರಡು ಬೆಳಗ್ಗೆ ಹತ್ತೊಂಬತ್ತನ್ನೂ ಕಡಿದರು. ಎಂಬತ್ತಮೂರು ತುಂಡುಗಳು ಬಂದವು. ಕಾರಿಡಾರಿಗೆ ಬೆಳಕು ಬಂತು, ಒಬ್ಬ ನರ್ಸಮ್ಮ ಚಹಾ ಕೊಡಿಸಿದರು. ಮರುದಿನ ಶುಕ್ರವಾರ, ಹತ್ತು ಗಂಟೆಗೆ, ಒಂಬತ್ತನೇ ಬಾಗಿಲಿನ ಉಗ್ರಾಣದಿಂದ ಬಕೆಟ್ ತರಲು ಹೋದ ಗಿಡದಕ್ಕ ಬಾಗಿಲಲ್ಲೇ ನಿಂತುಬಿಟ್ಟರು. ಒಳಗೆ ಹತ್ತಿಯ ಪೆಟ್ಟಿಗೆಗಳ ನಡುವೆ ವಯಸ್ಸಾದ ದರ್ಜಿಯೊಬ್ಬರು ಕೈಕಟ್ಟಿ ಕೂತಿದ್ದರು.

"ಅಜ್ಜ, ಇಲ್ಲೇನ್ ಮಾಡ್ತಿದ್ದೀರಿ?"

"ಕಣ್ಣಿಗೆ ಸೂಜಿ ಹಾಕಿಸ್ಕೊಳ್ಳೋಕೆ ಬಂದಿದ್ದೀನಮ್ಮ. ಡಾಕ್ಟರು ಯಾಕೋ ಇವತ್ತು ಮಾತೇ ಆಡ್ತಿಲ್ಲ. ಎರಡು ಸಲ ಕೇಳ್ದೆ, ನಿಂತೇ ಇದ್ದಾರೆ."

ಅವರ ಎದುರು ನಿಂತಿದ್ದದ್ದು ನೆಲ ಒರೆಸುವ ಕೋಲು. ಅದರ ಮೇಲೆ ಒಣಗಲು ಹಾಕಿದ ಬಿಳಿ ಕೋಟು.

ಗಿಡದಕ್ಕನಿಗೆ ನಗು ಬಂತು. ಅಜ್ಜನ ಮುಂದಿನ ಮಾತಿಗೆ ಒಳಗೆ ಬಂದು ಆ ಕೋಟನ್ನು ಕೋಲಿನಿಂದ ತೆಗೆದರು. "ಏಳನೇ ಬಾಗಿಲು ತಾನೇ ಇದು? ಗಿಡ ಎಣಿಸ್ಕೊಂಡು ಬರ್ತಿದ್ದೆ. ಇವತ್ತು ಒಂದೂ ಕಾಣಲಿಲ್ಲ. ಕಣ್ಣು ಪೂರ್ತಿ ಹೋಯ್ತೇನೋ ಅಂತ ಗೋಡೆ ಹಿಡ್ಕೊಂಡು ಬಂದೆ."

ದರ್ಜಿ ಅಜ್ಜನಿಗೆ ನೋಟದ ನಡುಭಾಗ ಹೋಗಿದೆ. "ಮಧ್ಯದಲ್ಲಿ ಮಸಿ ಬಳಿದ ಹಾಗೆ, ಅಂಚು ಮಾತ್ರ ನಮ್ಮದು" ಎಂಬುದು ಅವರದೇ ವಿವರಣೆ. ಬಾಗಿಲ ಮೇಲಿನ ಅಂಕಿ ಅವರಿಗೆ ಓದಲಾಗದು. ಗೋಡೆ ಬಿಳಿ, ಬಾಗಿಲು ಬಿಳಿ, ನೆಲವೂ ಬಿಳಿ. ಆ ಬಿಳುಪಿನಲ್ಲಿ ತಲೆಯೆತ್ತರಕ್ಕೆ ತೂಗುವ ಕಪ್ಪುಹಸಿರು ಗೊಂಚಲೊಂದೇ ಕಣ್ಣಂಚಿಗೆ ಸಿಗುತ್ತಿತ್ತು. ಮೆಟ್ಟಿಲಿನಿಂದ ಏಳು ಎಣಿಸಿದರೆ ಸೂಜಿಯ ಕೋಣೆ. ನಾಲ್ಕು ವರ್ಷ, ಆರು ವಾರಕ್ಕೊಮ್ಮೆ, ಯಾರ ಕೈಯನ್ನೂ ಹಿಡಿಯದೆ ಬಂದವರು.

"ಅವರ ಗುರುತನ್ನೇ ನಾನು ಕಡಿದು ಹಾಕಿದ್ದೆ," ಎನ್ನುತ್ತಾರೆ ಗಿಡದಕ್ಕ. "ಹನ್ನೊಂದು ವರ್ಷ ನೀರು ಹಾಕ್ದೆ. ಆ ಗಿಡ ಯಾರಿಗೆ ಏನು ಕೆಲಸ ಮಾಡ್ತಿದೆ ಅಂತ ಒಂದ್ಸಲಾನೂ ಕೇಳಲಿಲ್ಲ."

ಸರದಿ ತಪ್ಪಿದ ಅಜ್ಜನಿಗೆ ಅಂದು ಸೂಜಿ ಸಿಕ್ಕಿದ್ದು ಸಂಜೆ ನಾಲ್ಕಕ್ಕೆ. ಅಲ್ಲಿಯವರೆಗೂ ಗಿಡದಕ್ಕ ಪಕ್ಕದಲ್ಲೇ ಕೂತರು. ಅಜ್ಜ ಹೋದ ಮೇಲೆ ಕ್ಯಾಂಟೀನಿನ ಅಟ್ಟದಿಂದ ಹಳೆಯ ಸ್ಟೂಲುಗಳನ್ನು ಹೊತ್ತು ತಂದು ಪ್ರತಿ ಮೋಟಿನ ಪಕ್ಕ ಒಂದೊಂದು ಇಟ್ಟು, ಅದರ ಮೇಲೆ ಅದೇ ಗಿಡದ ನೆತ್ತಿಯನ್ನು ಬಾಟಲಿಯಲ್ಲಿ ನಿಲ್ಲಿಸಿದರು. ಎತ್ತರಕ್ಕೆ ಅಳತೆ ತಮ್ಮದೇ ಹಣೆ. ನಿಂತ ನೀರಿಗೆ ಸೊಳ್ಳೆ ಬರುತ್ತದೆ, ಹಾಗಾಗಿ ದಿನ ಬಿಟ್ಟು ದಿನ ಹತ್ತೊಂಬತ್ತು ಬಾಟಲಿಯ ನೀರು ಬದಲಿಸಬೇಕು. ಈ ಮಹಡಿಯಲ್ಲಿ ಅವರಿಗೆ ನಲ್ಲಿ ಇಲ್ಲ. ಇಪ್ಪತ್ತೆಂಟು ಮೆಟ್ಟಿಲು ಇಳಿದು ಹತ್ತಬೇಕು, ಆರು ಬಕೆಟ್. ಉಗ್ರಾಣದ ಸಂಗತಿಯನ್ನು ಮಾತ್ರ ಮ್ಯಾನೇಜರಿಗೆ ಹೇಳಲಿಲ್ಲ. ಮೊದಲೇ ಮುಖ ಗಂಟಿಕ್ಕಿದ್ದವರು, ಕೇಳಿದರೆ ಅದೇ ದಿನ ಕುಂಡ ಹೊರಗಿಡಿಸಿಯಾರು ಎಂಬ ಭಯ.

ಉಳಿದ ತುಂಡುಗಳು ಮನೆಯಲ್ಲಿವೆ. ಎರಡು ಕೋಣೆಯ ಮನೆ, ಇರುವವರು ಗಿಡದಕ್ಕ ಮತ್ತು ಅವರ ಅತ್ತೆ. ಗಂಡ ತೀರಿ ಹದಿನಾರು ವರ್ಷ. ತವರಿಗೆ ಹೋಗು ಎಂದು ಅತ್ತೆ ಹೇಳಲಿಲ್ಲ, ಹೋಗುತ್ತೇನೆಂದು ಸೊಸೆಯೂ ಅನ್ನಲಿಲ್ಲ. ಕಿಟಕಿ, ಅಡುಗೆಕಟ್ಟೆ, ಮಂಚದ ಕೆಳಗೆ ಎಲ್ಲೆಲ್ಲೂ ಮರಳಿನ ಟ್ರೇಗಳು. ಎಂಬತ್ತರ ಅತ್ತೆ ಅವುಗಳ ಕಾವಲು.

"ನನಗೆ ಮಾತ್ರೆ ಕೊಡೋದು ಮರೀತಾಳೆ, ಕೋಲಿಗೆ ನೀರು ಮರೆಯೋಳಲ್ಲ," ಎನ್ನುತ್ತಾರೆ ಅತ್ತೆ.

"ಮಾತ್ರೆ ಕೊಟ್ರೆ ದಿಂಬಿನ ಕೆಳಗೆ ಬಚ್ಚಿಡ್ತೀರಿ. ಕೋಲು ಹಾಗೆ ಮಾಡಲ್ಲ."

"ನೋಡಿ, ನೋಡಿ. ಬಾಯಿ ಮಾತ್ರ ದಿನಾ ಚಿಗುರುತ್ತೆ."

ಏಳನೆಯ ಮೋಟಿನ ರೋಗವನ್ನು ಮೊದಲು ಹಿಡಿದವರು ಈ ಅತ್ತೆಯೇ, ಮನೆಯಲ್ಲಿ ಕೂತೇ. ಕಳೆದ ವಾರ ಕೇಳಿದರಂತೆ, "ಅದಕ್ಕೆ ಎಷ್ಟು ನೀರು ಹಾಕ್ತೀಯೇ?" ದಿನಾ ಎರಡು ಲೋಟ, ಎಂದರು ಸೊಸೆ. ಮಿಕ್ಕವಕ್ಕೆ? ವಾರಕ್ಕೊಂದು. ಅತ್ತೆ ಹಣೆ ಚಚ್ಚಿಕೊಂಡರು. ಎಲೆಯಿಲ್ಲದ ಮೋಟು ನೀರು ಕುಡಿಯುವುದಿಲ್ಲ, ಅದು ಬುಡದಲ್ಲೇ ನಿಂತು ಕೊಳೆಸುತ್ತದೆ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಗಿಡದಕ್ಕ ಬೈಯದೆ ಬಿಡುತ್ತಿರಲಿಲ್ಲ. "ಗೊತ್ತಿಲ್ದೆ ಅಲ್ಲ. ಆ ಬಾಗಿಲ ಮುಂದೆ ಹೋದಾಗೆಲ್ಲ ಅಜ್ಜ ನೆನಪಾಗೋರು. ಕೈ ತಾನಾಗೇ ಚೆಂಬು ಬಗ್ಗಿಸೋದು. ಪ್ರೀತಿ ಮಾಡಿ ಸಾಯಿಸ್ದೆ."

ಈಗ ಆರು ಗಂಟೆ. ಕೊಳೆತ ಮೋಟನ್ನು ಎಳೆದು ಹೊರಗಿಡುತ್ತಾರೆ. ಪಕ್ಕದ ಸ್ಟೂಲಿನ ಮೇಲಿರುವ ಅದರ ನೆತ್ತಿ ಬಾಟಲಿಯಲ್ಲಿ ಬೆರಳುದ್ದದ ಕಿತ್ತಳೆ ಬಣ್ಣದ ಬೇರುಗಳನ್ನು ಬಿಟ್ಟಿದೆ. ಹಳೆಯ ಕುಂಡದ ಮಣ್ಣು ಸುರಿದು, ಒಂದು ಸಣ್ಣ ಕುಂಡಕ್ಕೆ ಹೊಸ ಮಣ್ಣು ತುಂಬಿ, ಬೇರು ಮುರಿಯದಂತೆ ಅದನ್ನು ಇಳಿಸಿ, ಆ ಕುಂಡವನ್ನು ಸ್ಟೂಲಿಗೇರಿಸುತ್ತಾರೆ. ಒಂದೇ ಲೋಟ ನೀರು. ಇನ್ನೊಂದಕ್ಕೆ ಹೋದ ಕೈಯನ್ನು ತಾವೇ ಹಿಂದೆಳೆದುಕೊಳ್ಳುತ್ತಾರೆ. ಕೊಳೆತ ಮೋಟನ್ನು ಕಸಕ್ಕೆ ಹಾಕುವುದಿಲ್ಲ. ಹಳೆಯ ಪತ್ರಿಕೆಯಲ್ಲಿ ಸುತ್ತಿ ಬಾಗಿಲ ಬಳಿ ಇಡುತ್ತಾರೆ. ಬಚ್ಚಿಟ್ಟರೆ ಮ್ಯಾನೇಜರಿಗೆ ತಿಳಿಯುತ್ತಿರಲಿಲ್ಲವೇನೋ. "ಕೊಟ್ಟ ಮಾತು ಬೋಳು ಕೋಲಿನದ್ದು. ಸತ್ತಿದ್ದನ್ನ ತೋರಿಸ್ದೆ ಇದ್ರೆ ಹೇಗೆ?"

ಮ್ಯಾನೇಜರು ಒಂಬತ್ತಕ್ಕೆ ಐದು ನಿಮಿಷವಿರುವಾಗಲೇ ಬರುತ್ತಾರೆ. ಒಂದೊಂದೇ ಮೋಟಿನ ಮುಂದೆ ಬಗ್ಗಿ ನೋಡುತ್ತಾರೆ. ಏಳನೆಯದಕ್ಕೆ ಬಂದಾಗ ಗಿಡದಕ್ಕ ಪತ್ರಿಕೆ ಬಿಚ್ಚುತ್ತಾರೆ.

"ಇದು ಸತ್ತೋಯ್ತು ಸಾರ್. ನೀರು ಜಾಸ್ತಿ ಹಾಕಿದ್ದು ನಾನೇ. ಕುಂಡದಲ್ಲಿರೋದು ಅದರ ನೆತ್ತಿ."

"ಹಾಗಾದ್ರೆ ಮಾತಿನ ಪ್ರಕಾರ..."

"ಗೊತ್ತು ಸಾರ್. ಎತ್ತಿಸೋ ಮುಂಚೆ ಇನ್ನೊಂದು ತಪ್ಪು ಹೇಳ್ಬೇಕು." ಉಗ್ರಾಣ, ಹತ್ತಿಯ ಪೆಟ್ಟಿಗೆ, ಕೋಟು, ನಾಲ್ಕು ಗಂಟೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ.

"ಈ ಸ್ಟೂಲುಗಳು ಅದಕ್ಕಾ? ನಾನು ಅಲಂಕಾರಕ್ಕೆ ಅಂದ್ಕೊಂಡಿದ್ದೆ," ಎನ್ನುತ್ತಾರೆ ಮ್ಯಾನೇಜರು. "ಹಾಗೆ ಎಣಿಸ್ಕೊಂಡು ಬರೋರು ಎಷ್ಟು ಜನ?"

"ಆಮೇಲೆ ಒಬ್ಬೊಬ್ಬರನ್ನೇ ಕೇಳ್ದೆ ಸಾರ್. ನನಗೆ ಗೊತ್ತಿರೋರು ಹನ್ನೊಂದು ಜನ."

ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಕೋಲು ಕುಟ್ಟುವ ಸದ್ದು. ದರ್ಜಿ ಅಜ್ಜ. ಗಿಡದಕ್ಕ ಮುಂದೆ ಹೋಗಲು ಒಂದು ಹೆಜ್ಜೆ ಇಟ್ಟು ನಿಲ್ಲುತ್ತಾರೆ. ಅಜ್ಜ ಮುಖವನ್ನು ತುಸು ಓರೆ ಮಾಡಿ, ಹೆಬ್ಬೆರಳಿನಿಂದ ಬೆರಳಿನ ಗೆಣ್ಣು ಎಣಿಸುತ್ತ ಬರುತ್ತಾರೆ. ಆರು. ಏಳು. ನಿಂತು ಕೈಚಾಚಿ ಎಲೆ ಮುಟ್ಟುತ್ತಾರೆ.

"ಇದು ಹಳೇದಲ್ಲ. ಸ್ವಲ್ಪ ಕುಳ್ಳ."

"ತಲೆ ಅದೇ ಅಜ್ಜ, ಕಾಲು ಹೊಸದು," ಎನ್ನುತ್ತಾರೆ ಗಿಡದಕ್ಕ.

"ಓ, ನೀನಾ! ಪ್ಯಾಂಟು ಮೋಟು ಮಾಡೋ ಕೆಲಸ ನನ್ನದು ಅಂದ್ಕೊಂಡಿದ್ದೆ, ನೀನು ಗಿಡಕ್ಕೇ ಮಾಡಿದ್ದೀಯ." ಬಾಗಿಲು ತಳ್ಳಿ ಒಳಗೆ ಹೋಗುತ್ತಾರೆ. ಒಳಗಿನಿಂದ ನಿಜವಾದ ಡಾಕ್ಟರ ದನಿ ಕೇಳುತ್ತದೆ.

ಮ್ಯಾನೇಜರು ಮೆಟ್ಟಿಲಿನವರೆಗೆ ಹೋಗಿ, ಕಣ್ಣು ಅರೆಮುಚ್ಚಿ, ಕಾರಿಡಾರಿನ ಉದ್ದಕ್ಕೂ ಒಮ್ಮೆ ನಡೆದು ಬರುತ್ತಾರೆ. ಕುರ್ಚಿಗಳನ್ನು ಕಿಟಕಿಯ ಸಾಲಿಗೆ ಹಾಕಿಸುವುದಾಗಿಯೂ ಕುಂಡಗಳು ಇದ್ದಲ್ಲೇ ಇರಲೆಂದೂ ಹೇಳಿ, ಕೇಳುತ್ತಾರೆ: "ಕೆಳಗಡೆ ಮಹಡೀಲೂ ಗೋಡೆಯೆಲ್ಲ ಬಿಳಿ. ಅಲ್ಲಿಗೂ ಆಗುತ್ತಾ?"

"ಬೇರು ಬಿಟ್ಟಿದ್ದು ಮನೇಲಿ ಅರವತ್ತೊಂದಿವೆ ಸಾರ್. ಎಲ್ಲಾ ಮೊಣಕೈಯುದ್ದ. ತಲೆಯೆತ್ತರಕ್ಕೆ ಬರೋಕೆ ಮೂರು ವರ್ಷ. ಆಮೇಲೂ ಎಲ್ಲ ಒಟ್ಟಿಗೆ ಕಡಿಯಲ್ಲ. ವರ್ಷಕ್ಕೆ ನಾಲ್ಕು, ಅದೂ ಬರೋರಿಗೆ ಮೊದಲೇ ಹೇಳಿ."

"ಮೂರು ವರ್ಷಕ್ಕೆ ನೀವು ನಿವೃತ್ತಿ ಆಗ್ತೀರಲ್ಲಮ್ಮ."

ಹೌದು, ಎಂದು ತಲೆಯಾಡಿಸಿ ಗಿಡದಕ್ಕ ಬಕೆಟ್ ಎತ್ತಿಕೊಳ್ಳುತ್ತಾರೆ. ಮೆಟ್ಟಿಲಿಳಿಯುವಾಗ ಹೇಳುತ್ತಾರೆ, ದೊಡ್ಡ ಸಂಗತಿಯೇನಲ್ಲ ಎಂಬ ದನಿಯಲ್ಲಿ. "ಈಗೀಗ ನನಗೂ ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ. ನಾಳೆ ನಾನೂ ಇಲ್ಲಿಗೆ ಚೀಟಿ ಹಿಡ್ಕೊಂಡು ಬರೋಳೇ. ಆವತ್ತು ಯಾರನ್ನೂ ಕೇಳಬಾರದು. ಎಣಿಸ್ಕೊಂಡು ಹೋಗಿ ನನ್ನ ಬಾಗಿಲು ನಾನೇ ತಟ್ಟಬೇಕು."