ಬಟ್ಟೆ ಮುಚ್ಚಿದ ರೊಟ್ಟಿ ಬುಟ್ಟಿ

ಫೆಬ್ರವರಿಯ ಒಂದು ಗುರುವಾರ ಬೆಳಿಗ್ಗೆ ಹತ್ತೂವರೆಗೆ ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದಲ್ಲಿ ಹುಮನಾಬಾದ್ ಬಸ್ ಹತ್ತಿದೆ. ಸೇಡಂ ರಸ್ತೆಯ ಮನೆಯಿಂದ ಅಲ್ಲಿಗೆ ಆಟೊದಲ್ಲಿ ಬಂದಿದ್ದೆ. ಕ್ಯಾಮೆರಾ ತಂದಿರಲಿಲ್ಲ. ಕಮಲಾಪುರಕ್ಕೆ ನಲವತ್ತು ಕಿಲೋಮೀಟರಿಗೆ ತುಸು ಕಡಿಮೆ. ರಸ್ತೆ ಚೆನ್ನಾಗಿದೆ, ಒಂದು ಗಂಟೆ ಸಾಕು.

ಮೂರು ವಾರದ ಹಿಂದೆ ಇದೇ ರಸ್ತೆಯಲ್ಲಿ ಹೋಗಿಬಂದು ಒಂದು ವರದಿ ಬರೆದಿದ್ದೆ. ಕಮಲಾಪುರದ ಒಂದು ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಯವರಿಗೆ ಸಂಜೆ ಐದರಿಂದ ಏಳರವರೆಗೆ ಹೆಚ್ಚುವರಿ ಪಾಠ ನಡೆಯುತ್ತದೆ. ಮಧ್ಯಾಹ್ನದ ಬಿಸಿಯೂಟ ಅಷ್ಟು ಹೊತ್ತಿಗೆ ಕರಗಿರುತ್ತದೆ. ಹಸಿದವರು ಪಾಠ ಬಿಟ್ಟು ಎದ್ದು ಹೋಗುತ್ತಿದ್ದರು. ಮುಖ್ಯಶಿಕ್ಷಕಿ ಸುತ್ತಲಿನ ಓಣಿಗಳ ಹೆಣ್ಣುಮಕ್ಕಳನ್ನು ಕರೆದು ಕೂರಿಸಿ ಮಾತಾಡಿದರು. ಅನುಕೂಲ ಇದ್ದವರು ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿದು ಮಕ್ಕಳ ಚೀಲದಲ್ಲಿ ಕಳಿಸುವುದೆಂದಾಯಿತು.

ಶಾಲೆಯ ಚಿಕ್ಕ ಕೋಣೆಯಲ್ಲಿ ಒಂದು ಬುಟ್ಟಿ, ಅದರ ಮೇಲೆ ಬಿಳಿ ಬಟ್ಟೆ. ಮಕ್ಕಳು ಒಬ್ಬೊಬ್ಬರೇ ಚೀಲ ಸಮೇತ ಒಳಗೆ ಹೋಗಿ ಬಟ್ಟೆಯಡಿ ಕೈ ಹಾಕಿ ಬರಬೇಕು. ರೊಟ್ಟಿ ತಂದವರು ಇಡುತ್ತಾರೆ, ತರದವರೂ ಕೈ ಹಾಕಿ ಬರುತ್ತಾರೆ; ಯಾರು ಇಟ್ಟರು, ಯಾರು ಇಡಲಿಲ್ಲ ಎಂದು ಹೊರಗಿದ್ದವರಿಗೆ ತಿಳಿಯುವುದಿಲ್ಲ. ಆಮೇಲೆ ಎಲ್ಲರೂ ಸಾಲಾಗಿ ಕುಳಿತು ತಿನ್ನುತ್ತಾರೆ. ಈ ಕಟ್ಟಳೆ ಮಾಡಿದವರು ಓಣಿಯ ಹೆಣ್ಣುಮಕ್ಕಳೇ.

ನಾನು ಆ ಕೋಣೆಯ ಬಾಗಿಲ ಹಿಂದೆ ನಿಂತು ಚಿತ್ರ ತೆಗೆದೆ. ಒಬ್ಬ ಹುಡುಗಿಯ ಚೀಲದಲ್ಲಿ ಏನೂ ಇರಲಿಲ್ಲ. ಅವಳ ಕೈ ಬಹಳ ಹೊತ್ತು ಬಟ್ಟೆಯಡಿ ಇತ್ತು. ‘ಖಾಲಿ ಕೈಗೂ ಪಾಲು’ ಎಂಬ ತಲೆಬರಹದಡಿ ಅವಳ ಚಿತ್ರ, ಹೆಸರು ಎರಡೂ ಅಚ್ಚಾದವು. ಕಚೇರಿಯಲ್ಲಿ ಎಲ್ಲರೂ ಮೆಚ್ಚಿದರು. ನಾನೂ ಆ ಪುಟವನ್ನು ಎತ್ತಿಟ್ಟುಕೊಂಡೆ.

ಬುಧವಾರ ಮುಖ್ಯಶಿಕ್ಷಕಿ ಫೋನ್ ಮಾಡಿದ್ದರು. “ನಿಮ್ಮ ಸುದ್ದಿ ಭಾಳ ಚೊಲೋ ಬಂದಿತ್ರಿ. ಹುಡುಗಿ ಸಾಲಿ ಬಿಟ್ಟಾಳ.”

ಕಪನೂರದ ಕಾರ್ಖಾನೆಗಳು ದಾಟಿದವು. ಮಹಾಗಾಂವ್ ಕ್ರಾಸಿನಲ್ಲಿ ಬಸ್ ಐದು ನಿಮಿಷ ನಿಂತಿತು. ಎರಡೂ ಬದಿ ಹಿಂಗಾರಿ ಜೋಳ ತೆನೆ ಕಟ್ಟಿತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿದೆ. ತಪ್ಪಾಗಿದ್ದರೆ ತಿದ್ದುಪಡಿ ಹಾಕುವುದು ನಮ್ಮ ಕಸುಬಿನ ಪದ್ಧತಿ. ಅದನ್ನೇ ಹೇಳುವುದೆಂದುಕೊಂಡೆ.

ಹನ್ನೊಂದೂಮುಕ್ಕಾಲಿಗೆ ಇಳಿದೆ. ಬಿಸಿಲು ಆಗಲೇ ಚುರುಗುಡುತ್ತಿತ್ತು. ನಿಲ್ದಾಣದ ಬಳಿ ಗಾಡಿಗಳಲ್ಲಿ ಇಲ್ಲಿಯ ಕೆಂಪು ಬಾಳೆ ಮಾರುತ್ತಿದ್ದರು. ಅಲ್ಲೇ ಒಂದು ಖಾನಾವಳಿಯಲ್ಲಿ ಊಟಕ್ಕೆ ಕುಳಿತೆ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ರೊಟ್ಟಿ ತೆಳ್ಳಗೆ, ಮೆತ್ತಗೆ ಇದ್ದವು. ನಾಲ್ಕು ತಿಂದೆ.

ಶಾಲೆಯಲ್ಲಿ ಮುಖ್ಯಶಿಕ್ಷಕಿ ಕುರ್ಚಿ ತೋರಿಸಿದರು, ಚಹಾ ತರಿಸಲಿಲ್ಲ. “ಹುಡುಗ್ರು ಆಕಿಗೆ ಪೇಪರ್ ಹೀರೋಯಿನ್ ಅಂತ ಕಾಡಿದ್ರು. ಮೂರು ದಿನಾ ಬಂದ್ಲು, ನಾಕನೇ ದಿನಾ ಇಲ್ಲ. ಪರೀಕ್ಷಾ ಒಂದು ತಿಂಗಳ ಅದ. ನಾ ಹೋಗಿ ಕರದ್ರೂ ಬರವಲ್ಲಳು. ನಿಮಗ ಏನರ ಅನ್ಲಾಕ ನನಗೂ ಬಾಯಿಲ್ರಿ, ಆ ಬಾಗಲಾ ತಗದಾಕಿ ನಾನೇ.”

ತಾಯಿಯನ್ನು ಕಾಣಲು ಇಬ್ಬರೂ ಹೊರಟೆವು. ಅವರು ನನ್ನನ್ನು ಕರೆದುಕೊಂಡು ಹೋದದ್ದು ನಾನು ಉಂಡಿದ್ದ ಖಾನಾವಳಿಗೇ. ಹಿಂಬದಿಯ ತಗಡಿನ ಕೆಳಗೆ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದರು. ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದವಳು ಆ ಹುಡುಗಿ. ತಾಯಿ ಕೈ ನಿಲ್ಲಿಸಲಿಲ್ಲ.

“ಉಂಡ್ರೇನ್ರಿ ಸಾಹೇಬ್ರ?” ಎಂದು ಕೇಳಿದರು.

“ಉಂಡೆ, ಅಮ್ಮಾ.”

“ರೊಟ್ಟಿ ಹೆಂಗಿದ್ವು?”

ಚೆನ್ನಾಗಿದ್ದವು ಎಂದೆ.

“ಇಡೀ ದಿನಾ ಬಡಿತೀನಿ. ಹಿಟ್ಟು ಮಾಲಕರದು, ಮನಿಗಿ ಒಂದೂ ಒಯ್ಯಾಂಗಿಲ್ಲ. ಸೋಮವಾರ ಖಾನಾವಳಿ ಬಂದ್. ಅವತ್ತು ಮನ್ಯಾಗ ಬಡದು ಹತ್ತು ರೊಟ್ಟಿ ಸಾಲಿಗಿ ಕಳಸ್ತಿದ್ದೆ. ಒಂದು ಸೋಮವಾರನೂ ತಪ್ಪಿಸಿಲ್ಲ. ನೀವು ಬಂದಿದ್ದು ಯಾವಾಗ?”

“ಮಂಗಳವಾರ.”

“ಸೋಮವಾರ ಬರಬೇಕಿತ್ತು.”

ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತು ತೆಗೆದೆ. ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸುತ್ತೇನೆ, ನಿಮ್ಮ ಮಗಳೂ ರೊಟ್ಟಿ ತರುತ್ತಿದ್ದಳೆಂದು ಬರೆಯುತ್ತೇನೆ ಎಂದೆ.

“ಯಾ ಅಲ್ಲಾ! ಮತ್ತ ಹಾಕ್ತೀರಿ? ಮರ್ತವ್ರಿಗೂ ನೆನಪ ಮಾಡಿ ಕೊಡ್ತೀರಿ?” ಎಂದು ತಾಯಿ ಮುಖ್ಯಶಿಕ್ಷಕಿಯತ್ತ ತಿರುಗಿದರು. “ಇವ್ರಿಗಿ ಬರ್ಯೋದು ಬಿಟ್ರ ಬ್ಯಾರೆ ಕೆಲಸಾ ಬರ್ತದಿಲ್ರಿ, ಮೇಡಂ?”

ಬರುವುದಿಲ್ಲ. ಅದನ್ನು ಹೇಳಲಿಲ್ಲ, ತಪ್ಪಾಯಿತು ಎಂದಷ್ಟೇ ಹೇಳಿದೆ. ರೊಟ್ಟಿ ಬಡಿಯುವ ಸದ್ದು ಮುಂದುವರಿಯಿತು.

ಆಗ ಹುಡುಗಿ ತಲೆ ಎತ್ತದೆ ಮಾತಾಡಿದಳು. “ನೀವು ಬಾಗಲದ ಹಿಂದ ನಿಂತಿದ್ದು ನನಗ ಕಂಡಿತ್ರಿ. ಅದಕ್ಕೇ ಕೈ ಲಗೂನ ತಗೀಲಿಲ್ಲ. ಇಡಾಕತ್ತಾಳ ಅಂತ ನಿಮಗ ಅನಸ್ಲಿ ಅಂತ.”

ಆ ಕೈಯ ಬಗ್ಗೆ ನಾನು ಒಂದು ಇಡೀ ಪ್ಯಾರಾ ಬರೆದಿದ್ದೆ. ಅದು ಹಸಿವಿನ ಹಿಂಜರಿಕೆ ಎಂದಿದ್ದೆ.

ಮುಖ್ಯಶಿಕ್ಷಕಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕುಳಿತರು. “ಇನ್ನ ಆ ಕ್ವಾಣ್ಯಾಗ ಯಾರನ್ನೂ ಬಿಡಾಂಗಿಲ್ಲವ್ವಾ. ನಾನೂ ಬರಾಂಗಿಲ್ಲ. ಇವತ್ತು ಸಂಜಿಗಿ ಬಾ.”

ಹುಡುಗಿ ಹಿಟ್ಟಿನ ಕೈ ತೊಳೆದುಕೊಂಡು ಮೊದಲ ಸಲ ನನ್ನನ್ನು ನೋಡಿದಳು. “ನಿಮ್ಮ ಬಸ್ ಎಷ್ಟಕ್ಕ ಅದ್ರಿ?”

“ಐದರ ಸುಮಾರಿಗೆ.”

“ನೀವು ಹೋದ ಮ್ಯಾಲ ಬರ್ತೀನಿ.”

ನಾವು ಹೊರಡುವಾಗ ತಾಯಿ ನನ್ನಿಂದ ಒಂದು ಮಾತು ಕೇಳಿದರು. ಪರೀಕ್ಷೆ ಮುಗಿಯುವವರೆಗೆ ಏನೂ ಬರೆಯಬಾರದು, ಆಮೇಲೂ ಹೆಸರು ಬರಬಾರದು. ಈಗ ಪರೀಕ್ಷೆ ಮುಗಿದಿದೆ. ಇಲ್ಲಿ ಹೆಸರುಗಳಿಲ್ಲ.

ಐದಕ್ಕೆ ಬಸ್ ಬಂತು. ಹುಡುಗಿ ಚೀಲ ಹೆಗಲಿಗೇರಿಸಿ ಖಾನಾವಳಿಯ ನೆರಳಲ್ಲಿ ನಿಂತಿದ್ದಳು. ನನ್ನನ್ನಲ್ಲ, ಬಸ್ಸಿನ ಬಾಗಿಲನ್ನು ನೋಡುತ್ತಿದ್ದಳು. ನಾನು ಹತ್ತಿ, ಶಾಲೆಯ ಬದಿಯ ಕಿಟಕಿಗೆ ಕುಳಿತೆ. ಮತ್ತೆ ಎದ್ದು ಆಚೆ ಬದಿಗೆ ಹೋಗಿ ಕುಳಿತೆ. ಕಂಡಕ್ಟರ್ “ಅಲ್ಲಿ ಬಿಸಲು ಬರ್ತದ್ರಿ” ಎಂದರು. ಇರಲಿ ಎಂದೆ. ಬಸ್ ಊರು ದಾಟುವವರೆಗೆ ತಿರುಗಿ ನೋಡಲಿಲ್ಲ.

ಮಹಾಗಾಂವ್ ಕ್ರಾಸಿಗೆ ಬರುವಷ್ಟರಲ್ಲಿ ಮುಖ್ಯಶಿಕ್ಷಕಿಯ ಸಂದೇಶ ಬಂತು: “ಬಂದಾಳ. ಕ್ವಾಣಿಗಿ ಹೋಗ್ಯಾಳ. ಬಾಗಲಾ ಹಾಕೀನಿ.”