ಎರಡನೇ ಕಡವಿನಲ್ಲಿ ನಿಂತ ದೋಣಿ

“ಇವನು ಕೊನೆಯವರೆಗೆ ಆಡಿದ್ದಾನೆ ಸರ್, ಬೇಕಾದರೆ ಕೇಳಿ.”

ಹಮೀದ್ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ. ನಾನು ಹೌದೆಂದು ತಲೆಯಾಡಿಸಿದೆ. ಅದು ಸುಳ್ಳು. ನಾನು ಆಡಿರಲಿಲ್ಲ.

ಹಮೀದ್ ಜೆಪ್ಪುವಿನಲ್ಲಿ ನಮ್ಮ ಪಕ್ಕದ ಮನೆಯವನು. ಅವನ ಮಾವ ದುಬೈಯಿಂದ ತಂದ ಸಣ್ಣ ಕಂಪ್ಯೂಟರನ್ನು ಟಿವಿಗೆ ಸಿಕ್ಕಿಸಿ, ವರ್ಷವಿಡೀ ಕೂತು ಒಂದು ಆಟ ಬರೆದಿದ್ದ. ಅದನ್ನು ಹಾಡಿನ ಕ್ಯಾಸೆಟ್ಟಿನಲ್ಲಿ ತುಂಬಿಟ್ಟು, ಬೇಕಾದಾಗ ಟೇಪ್‌ರೆಕಾರ್ಡರಿನಿಂದ ಕಂಪ್ಯೂಟರಿಗೆ ಏರಿಸುತ್ತಿದ್ದ. ಆಡುವವನೇ ಅದರಲ್ಲಿ ಅಂಬಿಗ, ದೋಣಿ ನಿಲ್ಲುವ ಕಡವುಗಳನ್ನು ಒಂದೊಂದಾಗಿ ದಾಟಬೇಕು. ಪ್ರತಿ ಕಡವಿನಲ್ಲೂ ಯಾರೋ ಬಂದು ಏನೋ ಕೇಳುತ್ತಾರೆ. ಹೌದಾದರೆ ಒಂದು, ಇಲ್ಲವಾದರೆ ಎರಡು ಒತ್ತಬೇಕು. ಉತ್ತರದ ಮೇಲೆ ಅಂಬಿಗನ ಬಲ ಏರುತ್ತದೆ, ಇಳಿಯುತ್ತದೆ. ಕಂಪ್ಯೂಟರ್ ಮುಟ್ಟದವನಿಗೂ ಆಡಲು ಬರಬೇಕು ಅಂತ ಅವನ ಹಟ. ಅದಕ್ಕೇ ನನ್ನನ್ನು ಹಿಡಿದ.

“ನಿನಗೆ ಬಂದರೆ ಇಡೀ ಊರಿಗೇ ಬರ್ತದೆ ಮಾರಾಯ. ನಿನ್ನೆ ಸ್ವಲ್ಪ ಬದಲಿಸಿದ್ದೇನೆ. ನಾನು ಬರೆದದ್ದರಲ್ಲಿ ನನಗೆ ತಪ್ಪು ಕಾಣುದಿಲ್ಲ, ನೀನು ನೋಡಿ ಹೇಳು.”

ನಾನು ಪಣಂಬೂರು ಬಂದರಿನಲ್ಲಿ ಮೂಟೆ ಹೊರುವವನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆ ಯಂತ್ರದಲ್ಲಿ ಮಾತು ಕನ್ನಡವೇ, ಅಕ್ಷರ ಮಾತ್ರ ಇಂಗ್ಲಿಷಿನದ್ದು. ನನಗೆ ಇಂಗ್ಲಿಷಿನ ಒಂದಕ್ಷರವೂ ಗೊತ್ತಿಲ್ಲ — ಅದನ್ನು ಹೇಳಲಿಲ್ಲ.

ಅವನು ಅಂಗಡಿಗೆ ಹೋದ. ಸುಮ್ಮನೆ ಒಂದು ಒತ್ತಿದೆ, ದೋಣಿ ಮೊದಲ ಕಡವು ದಾಟಿತು. ಎರಡನೆಯದರಲ್ಲಿ ನಿಂತಿತು. ಒಂದು ಒತ್ತಿದೆ, ಎರಡು ಒತ್ತಿದೆ, ಕೈಗೆ ಸಿಕ್ಕಿದ್ದೆಲ್ಲ ಒತ್ತಿದೆ. ಅಲುಗಲಿಲ್ಲ. ನನಗೆ ಓದಲು ಬಾರದ್ದಕ್ಕೇ ಹೀಗಾಯಿತು ಅಂದುಕೊಂಡೆ. ನಾಚಿಕೆಯಾಗಿ ಸ್ವಿಚ್ ಆಫ್ ಮಾಡಿದೆ.

“ಎಲ್ಲಿಯಾದರೂ ಸಿಕ್ಕಿಬಿತ್ತಾ?” ಬಂದವನೇ ಕೇಳಿದ.

“ಎಂತ ಇಲ್ಲ. ಕೊನೆಯವರೆಗೆ ಆಡಿದೆ. ಲಾಯ್ಕುಂಟು.”

ಮರುದಿನ ಬೊಂಬಾಯಿಯಿಂದ ಆಟ ಮಾರುವವರೊಬ್ಬರು ಬಂದರು. ಅವರು ಒಪ್ಪಿದರೆ ಹಮೀದ್ ಊರಿನಲ್ಲೇ ಇದ್ದು ಇದೇ ಕೆಲಸ ಮಾಡಬಹುದು, ಇಲ್ಲದಿದ್ದರೆ ದುಬೈಯಲ್ಲಿ ಮಾವನ ಅಂಗಡಿ — ಅವನ ತಂದೆ ಹಾಗೆ ಹೇಳಿದ್ದರು. ಬಂದವರು ಕೂತು ಒತ್ತಿದರು. ದೋಣಿ ಎರಡನೇ ಕಡವಿನಲ್ಲಿ ನಿಂತಿತು. ಅದೇ ಜಾಗ. ಅವರಿಗೆ ಓದಲು ಬರುತ್ತಿತ್ತು, ಆದರೂ ನಿಂತಿತು. ತಪ್ಪು ನನ್ನದಲ್ಲ, ಅವನು ಬರೆದದ್ದರಲ್ಲೇ ಇದೆ ಅಂತ ನನಗೆ ಆಗ ಗೊತ್ತಾಯಿತು.

ಆಗಲೇ ಹಮೀದ್ ನನ್ನ ಹೆಗಲ ಮೇಲೆ ಕೈಯಿಟ್ಟದ್ದು.

“ಐದಕ್ಕೆ ನನ್ನ ಬಸ್ಸು, ಅಷ್ಟರೊಳಗೆ ಸರಿಮಾಡಿ” ಎಂದು ಅವರು ಊಟಕ್ಕೆ ಹೋದರು. ನಾನು ಪೂರ್ತಿ ಆಡಿದ್ದೇನೆಂದು ನಂಬಿದ್ದರಿಂದ ಹಮೀದ್ ತಾನು ಬರೆದದ್ದನ್ನು ನೋಡಲೇ ಇಲ್ಲ. ಕ್ಯಾಸೆಟ್ ಹಾಳಾಗಿದೆ ಎಂದ. ಬೇರೆ ಕ್ಯಾಸೆಟ್ ಹಾಕಿದ. ಟೇಪ್‌ರೆಕಾರ್ಡರಿನ ಹೆಡ್ ಒರೆಸಿದ. ಪ್ರತಿಸಲ ಹತ್ತು ನಿಮಿಷ ಕ್ಯಾಸೆಟ್ ಕಿರುಚಿ ಆಟ ಏರಬೇಕು, ಪ್ರತಿಸಲ ದೋಣಿ ಅಲ್ಲೇ ನಿಲ್ಲಬೇಕು. ನಾನು ಪಕ್ಕದಲ್ಲಿ ವಯರ್ ಹಿಡಿದು ಕೂತಿದ್ದೆ. ಮೂರು ಗಂಟೆ ಹೊತ್ತು. ಒಂದು ಮಾತು ಸಾಕಿತ್ತು — ಬಾಯಿ ಬರಲಿಲ್ಲ. ಐದಾಯಿತು. ಅವರು ಹೋದರು.

ಹಮೀದ್ ದುಬೈಗೆ ಹೋದ. ಕಂಪ್ಯೂಟರ್ ಮಾರಿದ. ಆಮೇಲೆ ಅವನು ಏನನ್ನೂ ಬರೆದದ್ದು ನಾನು ಕೇಳಿಲ್ಲ. ಒಂದು ಕಾಗದ ಮಾತ್ರ ನನಗೆ ಬರೆದ, ಕನ್ನಡದಲ್ಲಿ: “ಯಂತ್ರ ಕೈಕೊಟ್ಟಿತು, ಹೋಗಲಿ. ನನ್ನ ಆಟದ ಕೊನೆ ನೋಡಿದವನು ನೀನೊಬ್ಬನಾದರೂ ಇದ್ದೀಯಲ್ಲ, ನನಗೆ ಅಷ್ಟು ಸಾಕು.”

ನಾನು ನೋಡಿಲ್ಲ. ಬರುವ ತಿಂಗಳು ಅವನು ರಜೆಗೆ ಬರುತ್ತಾನೆ. ಮನೆಗೆ ಹೋಗಿ ಹೇಳುತ್ತೇನೆ.